ಅಸ್ರೋಲಿನ ಬೇರು, ಲಾರ್ಗ್ಯಾಕ್ಟಿಲ್ ಮಾತ್ರೆ ಮತ್ತು ನಾಡಿ ನೋಡುವ ಕೈ

ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ‘ಅಡೆಲ್ಫೇನ್’ ಎಂಬ ಮಾತ್ರೆಯ ಹೆಸರು ಅವರಿಗೆ ನೆನಪಿರಬಹುದು. ಬಿ.ಪಿ. ಇದ್ದವರಿಗೆ ಒಂದು ಕಾಲಕ್ಕೆ ವೈದ್ಯರು ಧಾರಾಳವಾಗಿ ಬರೆದುಕೊಡುತ್ತಿದ್ದ ಮಾತ್ರೆ ಅದು. ಅದರೊಳಗೆ ಇದ್ದ ಮುಖ್ಯ ವಸ್ತುಗಳಲ್ಲೊಂದು ರಿಸರ್ಪಿನ್. ಈ ರಿಸರ್ಪಿನ್ ಬಂದದ್ದು ನಮ್ಮ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರಿನಿಂದ. ಯುನಾನಿ ಹಕೀಮರು ಇದನ್ನೇ ಅಸ್ರೋಲ್ ಎನ್ನುತ್ತಾರೆ. ಉತ್ತರ ಭಾರತದ ಹಳ್ಳಿಗರು ಇನ್ನೂ ನೇರವಾಗಿ ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು ಎಂದು ಕರೆದರು.

ಒಂದೇ ಬೇರು ರಕ್ತದೊತ್ತಡಕ್ಕೂ ಹೌದು, ಕೆಟ್ಟ ಮನಸ್ಸಿಗೂ ಹೌದು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಏಕೆಂದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳಲ್ಲಿ ಇಂದು ಎರಡು ಬಗೆಯ ಮಾತ್ರೆಗಳಿವೆ. ಒಂದು, ಮನೋರೋಗಕ್ಕೆ ಕೊಡುವುದು. ಇನ್ನೊಂದು, ಹೃದಯದ ಬಡಿತವನ್ನು ತಗ್ಗಿಸುವುದು. ಎರಡನೆಯದನ್ನು ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತೇವೆ. ಮೊದಲನೆಯದನ್ನು ಬೀರುವಿನಲ್ಲಿ, ಬಟ್ಟೆಗಳ ಕೆಳಗೆ ಬಚ್ಚಿಡುತ್ತೇವೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ಚೀಟಿಯನ್ನೇ ಹರಿದುಹಾಕುತ್ತೇವೆ. ಆದರೆ ಇವೆರಡರ ಇತಿಹಾಸ ಒಂದಕ್ಕೊಂದು ಹೆಣೆದುಕೊಂಡಿದೆ. ಆ ಇತಿಹಾಸದ ಒಂದು ಪ್ರಮುಖ ಪುಟವನ್ನು ಬರೆದವರಲ್ಲಿ ಒಬ್ಬರು ಉರ್ದು ಬಲ್ಲ ಹಕೀಮರು, ಇನ್ನೊಬ್ಬರು ಅವರ ಶಿಷ್ಯಸಮಾನರಾದ ರಸಾಯನಶಾಸ್ತ್ರಜ್ಞರು.

ಹಕೀಮ್ ಅಜ್ಮಲ್ ಖಾನರ ಹೆಸರನ್ನು ನಾವು ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಜಾಮಿಯಾ ಮಿಲ್ಲಿಯಾದ ಸ್ಥಾಪಕರಲ್ಲೊಬ್ಬರು. ಪಾಠ ಅಲ್ಲಿಗೇ ಮುಗಿಯುತ್ತದೆ. ದೆಹಲಿಯಲ್ಲಿ ಅವರು ಕಟ್ಟಿದ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು ಗಾಂಧೀಜಿಯವರು 1921ರ ಫೆಬ್ರುವರಿಯಲ್ಲಿ ಉದ್ಘಾಟಿಸಿದರು ಎಂಬುದು ಕೆಲವರಿಗೆ ಗೊತ್ತು. ಹಳೆಯ ಮದ್ದುಗಳನ್ನು ಹೊಸ ರಸಾಯನಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಹಂಬಲ ಹಕೀಮ್ ಸಾಹೇಬರಿಗೆ ಇತ್ತು. ನಮ್ಮದೇ ಶ್ರೇಷ್ಠ ಎಂದು ಕೂಗಾಡುವವರ ನಡುವೆ, ‘ಪರೀಕ್ಷೆ ಮಾಡಿ ನೋಡೋಣ’ ಎಂದ ವ್ಯಕ್ತಿ ಅವರು. ನನ್ನ ದೃಷ್ಟಿಯಲ್ಲಿ ಅವರ ರಾಜಕೀಯದಷ್ಟೇ ದೊಡ್ಡದು ಇದು. ಅವರ ಪ್ರೋತ್ಸಾಹ ಪಡೆದ ಸಲೀಮುಜ್ಜಮಾನ್ ಸಿದ್ದೀಕಿಯವರು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. ಸಿದ್ದೀಕಿಯವರು ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಕುಳಿತು 1931ರಲ್ಲಿ ಅಸ್ರೋಲಿನ ಬೇರಿನಿಂದ ಹಲವು ಕ್ಷಾರಗಳನ್ನು ಬೇರ್ಪಡಿಸಿದರು. ಒಂದಕ್ಕೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಗುರುವಿನ ಹೆಸರು ಹೀಗೆ ಒಂದು ಅಣುವಿನಲ್ಲಿ ಉಳಿಯಿತು. ಇಂದಿಗೂ ಬ್ರುಗಾಡಾ ಎಂಬ ಅಪರೂಪದ ಹೃದಯದ ತೊಂದರೆಯನ್ನು ಪತ್ತೆಹಚ್ಚಲು ವಿದೇಶದ ದೊಡ್ಡ ಆಸ್ಪತ್ರೆಗಳಲ್ಲಿ ‘ಅಜ್ಮಲಿನ್ ಪರೀಕ್ಷೆ’ ಮಾಡುತ್ತಾರೆ. ಆ ಹೆಸರು ಎಲ್ಲಿಂದ ಬಂತೆಂದು ಅದನ್ನು ಮಾಡುವ ಎಷ್ಟು ವೈದ್ಯರಿಗೆ ಗೊತ್ತಿದೆಯೋ!

ಅದೇ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು ಈ ಬೇರನ್ನು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಕೊಟ್ಟು ಕಂಡ ಫಲಿತಾಂಶವನ್ನು ಪ್ರಕಟಿಸಿದರು. ಪ್ರಪಂಚ ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಡಾ. ರುಸ್ತಮ್ ಜಾಲ್ ವಕೀಲರು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಅನ್ನು ಶುದ್ಧವಾಗಿ ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ವರದಿ ಮಾಡಿದರು. ಗಿಡದ ಲ್ಯಾಟಿನ್ ಹೆಸರು ರೌವೊಲ್ಫಿಯಾ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ರೌವೊಲ್ಫ್ ಎಂಬಾತನ ಗೌರವಾರ್ಥ ಇಟ್ಟದ್ದಂತೆ. ಆತ ಅಲೆಪ್ಪೋ, ಬಾಗ್ದಾದ್‌ವರೆಗೆ ಬಂದು ಹೋದವನೇ ಹೊರತು ಭಾರತದ ನೆಲವನ್ನೇ ತುಳಿದವನಲ್ಲ. ಹೆಸರಿನ ಋಣ ಒಬ್ಬರದು, ಬೇರಿನ ಋಣ ಇನ್ನೊಬ್ಬರದು.

ಈಗ ಬೆಂಗಳೂರಿಗೆ ಬರೋಣ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕಂಪನಿ ಬಸ್ಸುಗಳು ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಕಾಂಪೌಂಡನ್ನು ದಾಟಿಯೇ ಹೋಗಬೇಕು. ಆ ಸಂಸ್ಥೆಯ ಬೇರು 1847ರಲ್ಲಿದೆ. ಆಗ ಅದರ ಹೆಸರು ಬೆಂಗಳೂರು ಲೂನಟಿಕ್ ಅಸೈಲಂ. 1925ರಲ್ಲಿ ಮೈಸೂರು ಸರ್ಕಾರ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರು ಬದಲಿಸಿತು. ಹೆಸರಿನ ಬದಲಾವಣೆ ಸಣ್ಣ ಮಾತಲ್ಲ. ಕೂಡಿಹಾಕುವ ಜಾಗ ಎಂಬುದು ಹೋಗಿ ಚಿಕಿತ್ಸೆಯ ಜಾಗ ಎಂದಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ (1926–1941) ಆಸ್ಪತ್ರೆ ಪೇಟೆಯ ಗದ್ದಲ ಬಿಟ್ಟು ಹೊಸೂರು ರಸ್ತೆಯ ಕಡೆಯ ವಿಶಾಲವಾದ ಈಗಿನ ಜಾಗಕ್ಕೆ ಬಂತು. ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮುಖ್ಯಸ್ಥರಾದರು. 1954ರಲ್ಲಿ ಕೇಂದ್ರ ಮತ್ತು ಮೈಸೂರು ಸರ್ಕಾರಗಳು ಕೂಡಿ ಇಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆದಾಗ ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು.

ಆ ಹಳೆಯ ವಾರ್ಡುಗಳಲ್ಲಿ ಮಾತ್ರೆ ಬರುವ ಮೊದಲು ಏನಿತ್ತು ಎಂದು ನೀವು ಕೇಳಬಹುದು. ಸೆಳವು ಬರಿಸುವ ಕಾರ್ಡಿಯಾಜೋಲ್ ಚುಚ್ಚುಮದ್ದು ಇತ್ತು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯೂ ಇತ್ತು. ಬೆಂಗಳೂರಿನಲ್ಲಿ ಮಾಡಿದ ಅಂಥ ಶಸ್ತ್ರಚಿಕಿತ್ಸೆಗಳ ಬಗ್ಗೆ ಗೋವಿಂದಸ್ವಾಮಿ ಮತ್ತು ಡಾ. ಬಾಲಕೃಷ್ಣ ರಾಯರು 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅವರನ್ನು ಕ್ರೂರಿಗಳೆಂದು ಇಂದು ತೀರ್ಪು ಕೊಡುವುದು ಸುಲಭ. ಕೈಯಲ್ಲಿ ಬೇರೇನೂ ಇಲ್ಲದ ಕಾಲ ಅದು ಎಂಬುದನ್ನು ಮರೆಯಬಾರದು.

ಕೈಗೆ ಬಂದದ್ದು ಲಾರ್ಗ್ಯಾಕ್ಟಿಲ್. ಇದರ ರಾಸಾಯನಿಕ ಹೆಸರು ಕ್ಲೋರ್‌ಪ್ರೊಮಜಿನ್. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್ ಪೂಲೆಂಕ್ ಕಂಪನಿಯ ಪಾಲ್ ಶಾರ್ಪಾಂತಿಯೆ ಇದನ್ನು ತಯಾರಿಸಿದರು. ಹೆನ್ರಿ ಲಾಬೊರಿ ಎಂಬ ಸೇನಾ ಶಸ್ತ್ರವೈದ್ಯರು ಆಪರೇಷನ್ನಿಗೆ ಮುನ್ನ ಕೊಟ್ಟು ನೋಡಿದಾಗ ರೋಗಿಗೆ ನಿದ್ದೆ ಬಾರದೆಯೇ ಆತಂಕ ಮಾತ್ರ ಕಳಚಿಹೋದಂತೆ ಕಂಡಿತು. 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಕಾಣದ ದನಿಗಳನ್ನು ಕೇಳಿ ಕಿರುಚುತ್ತಿದ್ದವರು ಕೆಲವು ವಾರಗಳಲ್ಲಿ ಕುಳಿತು ಮಾತನಾಡತೊಡಗಿದರು. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿಯನ್ನು ಒಟ್ಟಿಗೆ ಹಂಚಿಕೊಂಡವರಲ್ಲಿ ಲಾಬೊರಿ, ಡೆನಿಕರ್ ಮತ್ತು ಕ್ಲೈನ್ ಇದ್ದರು. ಅವರ ಪಕ್ಕದಲ್ಲಿ ನಮ್ಮ ಮುಂಬಯಿಯ ರುಸ್ತಮ್ ವಕೀಲರೂ ಇದ್ದರು. ಒಂದೇ ಪ್ರಶಸ್ತಿಯಲ್ಲಿ ಬಿ.ಪಿ.ಯ ವೈದ್ಯರು, ಮನಸ್ಸಿನ ವೈದ್ಯರು!

ಆದರೆ ಈ ಮದ್ದುಗಳು ಬೆಲೆ ಪಡೆಯದೆ ಏನನ್ನೂ ಕೊಡಲಿಲ್ಲ. 1954ರಲ್ಲೇ ಲೊಸಾನ್ ನಗರದ ಹಾನ್ಸ್ ಸ್ಟೆಕ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಲಾರ್ಗ್ಯಾಕ್ಟಿಲ್ ತಿಂದವರೂ, ಸರ್ಪಗಂಧಿಯ ರಿಸರ್ಪಿನ್ ತಿಂದವರೂ ಒಂದೇ ರೀತಿ ನಡೆಯತೊಡಗಿದ್ದರು: ಕೈ ಬೀಸದೆ, ಸಣ್ಣ ಹೆಜ್ಜೆ ಇಡುತ್ತಾ, ಮುಖದಲ್ಲಿ ಭಾವವೇ ಇಲ್ಲದೆ, ಬೆರಳು ನಡುಗಿಸುತ್ತಾ. ವಯಸ್ಸಾದವರಿಗೆ ಬರುವ ಪಾರ್ಕಿನ್‌ಸನ್ ರೋಗದ ತದ್ರೂಪು. ಬೇರೆ ಬೇರೆ ಮೂಲದ ಎರಡು ಮದ್ದುಗಳು ಒಂದೇ ಕೇಡು ಮಾಡುತ್ತವೆ ಎಂದರೆ ಎರಡೂ ಮಿದುಳಿನ ಒಂದೇ ಬಾಗಿಲನ್ನು ಮುಟ್ಟುತ್ತಿವೆ ಎಂದಾಯಿತಲ್ಲವೆ? ಉತ್ತರ ಕೊಟ್ಟವರು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್. 1957ರಲ್ಲಿ ಅವರು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲು ಬಿಟ್ಟು ಕಲ್ಲಿನಂತೆ ಕುಳಿತವು. ಆ ಮೇಲೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಅವು ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ, ಅದು ಬರಿದಾದರೆ ದೇಹ ಬಿಗಿಯುತ್ತದೆ ಎಂದು ಹೀಗೆ ತಿಳಿಯಿತು. ಈ ಕೆಲಸಕ್ಕಾಗಿ ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಪಾರ್ಕಿನ್‌ಸನ್ ರೋಗಿಗಳಿಗೆ ಇಂದು ಕೊಡುವ ಲೆವೊಡೋಪಾ ಮಾತ್ರೆಯೂ ಅಲ್ಲಿಂದಲೇ ಬಂದದ್ದು. ಎಲ್ಲದರ ಹಿಂದೆ ನಮ್ಮ ಬೇರು!

ಭಾಷಾ ಶಿಕ್ಷಕಿಯಾದ ನನಗೆ ಈ ಕಥೆಯಲ್ಲಿ ಅತ್ಯಂತ ಹಿಡಿಸಿದ್ದು ಜರ್ಮನಿಯ ಹಾಸೆ ಎಂಬ ವೈದ್ಯರ ಕೈಬರಹದ ಪರೀಕ್ಷೆ. ಮದ್ದು ಏರುತ್ತಿದ್ದಂತೆ ರೋಗಿಯ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಹಾಸೆ ರೋಗಿಗಳಿಂದ ಒಂದೇ ಸಾಲನ್ನು ಬರೆಸಿ, ಅಕ್ಷರದ ಅಳತೆ ನೋಡಿ ಮದ್ದಿನ ಪ್ರಮಾಣ ನಿರ್ಧರಿಸಲು ಯತ್ನಿಸಿದರು. ದಿನವೂ ಕಾಪಿ ಪುಸ್ತಕ ನೋಡುವ ನಮಗೆ ಇದು ಅರ್ಥವಾಗುವ ವಿದ್ಯೆ. ಅಕ್ಷರ ಕುಗ್ಗಿದರೆ ದೇಹವೂ ಬಿಗಿಯುತ್ತಿದೆ ಎಂದರ್ಥ. ಆ ಕಾಲದ ಕೆಲವರು ಕೈ ನಡುಗದಿದ್ದರೆ ಮದ್ದು ಹತ್ತಿಲ್ಲ ಎಂದೂ ನಂಬಿದ್ದರು. ಇದು ತಪ್ಪೆಂದು ಮುಂದೆ ಸ್ಪಷ್ಟವಾಯಿತು. ಅಷ್ಟರಲ್ಲಿ ಎಷ್ಟು ಜನರು ಬೇಕಿಲ್ಲದಷ್ಟು ಮದ್ದು ನುಂಗಿದರೋ.

1958ರಲ್ಲಿ ಬೆಲ್ಜಿಯಂನ ಪಾಲ್ ಜಾನ್‌ಸನ್‌ರ ಪ್ರಯೋಗಾಲಯದಿಂದ ಹ್ಯಾಲೊಪೆರಿಡಾಲ್ ಬಂತು. ಇಂದಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಇದೆ. ಅಗ್ಗ, ಬಲಶಾಲಿ, ಆದರೆ ಸ್ನಾಯುಗಳ ಮೇಲೆ ಬಿರುಸು. ಯುವಕರಿಗೆ ಮೊದಲ ಕೆಲವು ದಿನಗಳಲ್ಲಿಯೇ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳಬಹುದು, ಕಣ್ಣು ಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು, ನಾಲಿಗೆ ಹೊರಳದೆ ಹೋಗಬಹುದು. ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ನೋಡಿದವರು ಹೆದರಿ ‘ಮೈಮೇಲೆ ಏನೋ ಬಂದಿದೆ’ ಎಂದು ರೋಗಿಯನ್ನು ಬೇರೆಲ್ಲಿಗೋ ಹೊತ್ತೊಯ್ಯುವುದುಂಟು. ಆಸ್ಪತ್ರೆಗೆ ಕರೆದೊಯ್ದರೆ ಪ್ರೊಮೆಥಜಿನ್‌ನಂಥ ಒಂದು ಚುಚ್ಚುಮದ್ದಿನಿಂದ ಬಹಳ ಬಾರಿ ಅರ್ಧ ಗಂಟೆಯೊಳಗೆ ಕುತ್ತಿಗೆ ನೆಟ್ಟಗಾಗುತ್ತದೆ. ವೈದ್ಯರು ಮುಖ್ಯ ಮಾತ್ರೆಯ ಜೊತೆ ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಸಣ್ಣ ಮಾತ್ರೆ ಬರೆಯುವುದು ಇಂಥದ್ದಕ್ಕೇ. ಅದು ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ವಯಸ್ಸಾದವರಿಗೆ ಮರೆವನ್ನೂ ತರಬಹುದು. ಆದ್ದರಿಂದ ಎಲ್ಲರಿಗೂ, ಎಂದೆಂದಿಗೂ ಅದನ್ನು ಕೊಡುವುದು ಸರಿಯಲ್ಲ ಎಂಬುದು ಇಂದಿನ ಅಭಿಪ್ರಾಯ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮಾತ್ರೆಯಿಂದ ಓಡಿಸುವುದು ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ತಾಯಿ ಪೋಷಕರ ಸಭೆಯ ನಂತರ ನಿಂತು ಮಾತನಾಡಿದರು. ಗಂಡ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಆಪರೇಟರ್. ಮಾತ್ರೆ ಶುರುವಾದ ಮೇಲೆ ದನಿಗಳು ಕೇಳುವುದು ನಿಂತಿತ್ತು. ‘ಪನ್ ಬೈಠ್‌ತೇಚ್ ನೈಂ ಆಪಾ’ ಎಂದರು ಆಕೆ. ಕೂರುವುದೇ ಇಲ್ಲ, ರಾತ್ರಿ ಎರಡು ಗಂಟೆಗೂ ಒಂದೇ ಕೋಣೆಯಲ್ಲಿ ಹಿಂದೆ ಮುಂದೆ ಓಡಾಡುತ್ತಾರೆ, ಊಟಕ್ಕೆ ಕೂತರೆ ಕಾಲು ಅಲ್ಲಾಡಿಸಿ ಎದ್ದುಬಿಡುತ್ತಾರೆ ಎಂದರು. ರೋಗ ಜಾಸ್ತಿಯಾಗಿದೆ ಎಂದು ನೆರೆಹೊರೆಯವರ ತೀರ್ಮಾನ. ಆತನೇ ಮಾತ್ರೆ ಬಿಟ್ಟುಬಿಡುವುದಾಗಿ ಹೇಳುತ್ತಿದ್ದರಂತೆ. ಇದಕ್ಕೆ ಹೆಸರಿದೆ: ಅಕಥೀಸಿಯಾ. ‘ಕೂರಲಾಗದಿರುವುದು’ ಎಂದೇ ಆ ಗ್ರೀಕ್ ಪದದ ಅರ್ಥ. ಜೆಕ್ ವೈದ್ಯ ಹಾಶ್ಕೊವೆಟ್ಸ್ 1901ರಲ್ಲೇ, ಈ ಮದ್ದುಗಳು ಹುಟ್ಟುವ ಅರ್ಧ ಶತಮಾನ ಮೊದಲೇ, ಈ ಪದವನ್ನು ಬಳಸಿದ್ದರು. ಇದು ಹೊರಗೆ ಕಾಣುವ ಓಡಾಟವಷ್ಟೇ ಅಲ್ಲ. ಮೈಯೊಳಗೆ ಇರುವೆ ಹರಿದಂಥ, ಎಲ್ಲೂ ನಿಲ್ಲಲಾಗದಂಥ ಸಂಕಟ. ತಾಳಲಾರದೆ ಜೀವ ಕಳೆದುಕೊಳ್ಳುವ ಯೋಚನೆಗೆ ಬಿದ್ದವರಿದ್ದಾರೆ. ರೋಗ ಹೆಚ್ಚಿತೆಂದು ತಪ್ಪಾಗಿ ತಿಳಿದು ಮದ್ದಿನ ಪ್ರಮಾಣ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಚೀಟಿ ಬರೆದ ವೈದ್ಯರಲ್ಲಿಗೇ ಮರಳಿ ಹೋಗಿ ‘ಕೂರಲು ಆಗುತ್ತಿಲ್ಲ’ ಎಂಬ ಅದೇ ಮಾತನ್ನು ಹೇಳುವಂತೆ ಆ ತಾಯಿಗೆ ತಿಳಿಸಿದೆ. ವೈದ್ಯರು ಮುಖ್ಯ ಮಾತ್ರೆಯನ್ನು ತಗ್ಗಿಸಿ, ಜೊತೆಗೆ ಪ್ರೊಪ್ರನೊಲಾಲ್ ಬರೆದರು. ‘ಇದು ಹಾರ್ಟಿನ ಮಾತ್ರೆಯಂತೆ, ಇವರಿಗೆ ಹಾರ್ಟ್ ತೊಂದರೆಯೂ ಇದೆಯಾ?’ ಎಂದು ಆಕೆ ಗಾಬರಿಯಾಗಿ ಮತ್ತೆ ಬಂದರು.

ಆ ಗಾಬರಿಗೆ ಉತ್ತರ ಕೊಡಬೇಕಾದರೆ ಬೀಟಾ ಬ್ಲಾಕರ್‌ಗಳ ಕಥೆ ಹೇಳಬೇಕು. ಹೆದರಿದಾಗ, ಓಡಿದಾಗ, ಕೋಪ ಬಂದಾಗ ದೇಹದಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಎದೆ ಡವಗುಟ್ಟುತ್ತದೆ. ಈ ಅಡ್ರಿನಲಿನ್ ಬಂದು ಕೂರುವ ಸ್ಥಾನಗಳು ಆಲ್ಫಾ, ಬೀಟಾ ಎಂದು ಎರಡು ಬಗೆ ಎಂಬುದಾಗಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಬರೆದರು. ಹೆಚ್ಚಿನವರು ನಂಬಲಿಲ್ಲ. ನಂಬಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಎದೆನೋವಿನ ರೋಗಿಯ ಹೃದಯಕ್ಕೆ ಹೆಚ್ಚು ರಕ್ತ ಹರಿಸಲು ಎಲ್ಲರೂ ಹೆಣಗುತ್ತಿದ್ದಾಗ ಅವರು ತಲೆಕೆಳಗಾಗಿ ಯೋಚಿಸಿದರು: ಹೃದಯಕ್ಕೆ ಬೇಕಾಗುವುದನ್ನೇ ಏಕೆ ಕಡಿಮೆ ಮಾಡಬಾರದು? ವರಮಾನ ಹೆಚ್ಚಿಸಲಾಗದ ಬಡ ಸಂಸಾರಸ್ಥನು ಖರ್ಚು ತಗ್ಗಿಸುವಂತೆ. ಐ.ಸಿ.ಐ. ಕಂಪನಿಯಲ್ಲಿ ಅವರು ತಯಾರಿಸಿದ ಮೊದಲ ಮದ್ದು ಪ್ರೊನೆಥಲಾಲ್, ಇಲಿಗಳಲ್ಲಿ ಗೆಡ್ಡೆ ತಂದದ್ದರಿಂದ ಕೈಬಿಡಬೇಕಾಯಿತು. 1964ರಲ್ಲಿ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಬ್ಲ್ಯಾಕ್‌ರಿಗೆ ನೊಬೆಲ್.

ಎದೆನೋವಿಗೆಂದು ಹುಟ್ಟಿದ ಈ ಮದ್ದು ಬಳಿಕ ಎಲ್ಲೆಲ್ಲಿಗೋ ನಡೆಯಿತು. ರಕ್ತದೊತ್ತಡ, ತಪ್ಪಿದ ಹೃದಯದ ಲಯ, ಥೈರಾಯ್ಡ್ ಹೆಚ್ಚಾದವರ ಎದೆಬಡಿತ. ಎದೆನೋವಿಗೆ ತೆಗೆದುಕೊಂಡವರೊಬ್ಬರ ಅರೆತಲೆನೋವು ಮಾಯವಾಯಿತೆಂದು 1966ರಲ್ಲಿ ಆಕಸ್ಮಿಕವಾಗಿ ಕಂಡದ್ದರಿಂದ ಮೈಗ್ರೇನಿಗೂ ಬಂತು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಈ ಕುಟುಂಬದ್ದೇ. ಎಳೆಯ ಮಕ್ಕಳ ಮುಖದ ಮೇಲಿನ ಕೆಂಪು ರಕ್ತಗಡ್ಡೆ ಪ್ರೊಪ್ರನೊಲಾಲ್‌ನಿಂದ ಕರಗುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಅದೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಗುರಿಕಾರರೊಬ್ಬರು ಕೈ ನಡುಗದಿರಲೆಂದು ಇದನ್ನೇ ನುಂಗಿ ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡರು. ಮನೋರೋಗದ ಮದ್ದಿನಿಂದ ಬರುವ ಅಕಥೀಸಿಯಾಕ್ಕೆ ಇದು ನೆರವಾಗುತ್ತದೆಂದು 1980ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಲೀಥಿಯಂ ತೆಗೆದುಕೊಳ್ಳುವವರ ಕೈನಡುಕಕ್ಕೂ ಕೊಡುವುದುಂಟು. ಹಾಗಾಗಿ ಆ ತಾಯಿಗೆ ಹೇಳಿದೆ: ನಿಮ್ಮ ಯಜಮಾನರ ಹೃದಯ ಚೆನ್ನಾಗಿಯೇ ಇದೆ, ಈ ಮಾತ್ರೆ ಅವರನ್ನು ಕೂರಿಸಲು. ಎರಡು ವಾರದಲ್ಲಿ ಅವರು ಕುಳಿತು ಊಟ ಮಾಡತೊಡಗಿದರೆಂದು ಮಗಳೇ ಬಂದು ತಿಳಿಸಿದಳು.

ಆದರೆ ಇದು ಆಟದ ಮಾತ್ರೆಯಲ್ಲ. ನಮ್ಮ ಸಮುದಾಯದ ಹೆಣ್ಣುಮಕ್ಕಳು ಈಚೆಗೆ ನರ್ಸಿಂಗ್ ಕೋರ್ಸಿಗೆ ಸೇರುತ್ತಿರುವುದು ಸಂತೋಷದ ಸಂಗತಿ. ಅವರ ಪಠ್ಯದಲ್ಲಿ ಬೀಟಾ ಬ್ಲಾಕರ್ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು, ಬಿ.ಪಿ. ನೋಡಬೇಕು, ನಾಡಿ 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸಬೇಕು ಎಂದಿರುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಸಲ್ಲದು, ಲಯ ತಪ್ಪಿದ್ದರೆ ಗೊತ್ತಾಗುವುದಿಲ್ಲ. ಹಳೆಯ ಹಕೀಮರು ‘ನಬ್ಜ್’ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದುದನ್ನು ನೋಡಿ ನಕ್ಕವರಿದ್ದಾರೆ. ಪ್ರೇಮದಿಂದ ಸೊರಗಿದ ರೋಗಿಯ ನಾಡಿ ಹಿಡಿದು ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ, ಬೇಕಾದ ಹೆಸರು ಬಂದಾಗ ನಾಡಿ ಬದಲಾಗುತ್ತದೆ ಎಂದು ಇಬ್ನ್ ಸೀನಾ ಸಾವಿರ ವರ್ಷದ ಹಿಂದೆ ‘ಅಲ್ ಕಾನೂನ್’ನಲ್ಲಿ ಬರೆದರು. ಮನಸ್ಸಿಗೂ ನಾಡಿಗೂ ಸಂಬಂಧವಿದೆ ಎಂಬುದು ಹೊಸ ಮಾತೇನಲ್ಲ.

ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಅಪಾಯಕಾರಿ. ಅದು ಶ್ವಾಸನಾಳಗಳನ್ನೂ ಬಿಗಿಗೊಳಿಸುತ್ತದೆ, ಇನ್‌ಹೇಲರ್ ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ವೈಟ್‌ಫೀಲ್ಡ್, ಪೀಣ್ಯದ ಧೂಳಿನಲ್ಲಿ ಉಬ್ಬಸದವರಿಗೇನು ಕಡಿಮೆಯೆ? ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತ, ನಡುಕಗಳನ್ನು ಈ ಮದ್ದು ಮುಚ್ಚಿಬಿಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಬಾರದು. ಹೃದ್ರೋಗ ಇರುವವರು ಹಾಗೆ ನಿಲ್ಲಿಸಿ ಹೃದಯಾಘಾತಕ್ಕೆ ಒಳಗಾದದ್ದುಂಟು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲೋ, 2001ರಲ್ಲಿ ತೆರೆದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲೋ ಚಿಕಿತ್ಸೆ ಪಡೆದು ಮೆಟೊಪ್ರೊಲಾಲ್ ಹಿಡಿದು ಬಂದವರು, ‘ಈಗ ಆರಾಮಾಗಿದೆ’ ಎಂದು ತಿಂಗಳಲ್ಲೇ ಚೀಟಿ ಮಡಚಿಡುವುದನ್ನು ನೀವೂ ನೋಡಿರಬಹುದು. ರಮ್ಜಾನ್ ತಿಂಗಳಲ್ಲಿ ಇದು ಇನ್ನಷ್ಟು. ಎಷ್ಟೋ ಮಾತ್ರೆಗಳನ್ನು ಸಹರಿ, ಇಫ್ತಾರಿನ ಹೊತ್ತಿಗೆ ಹೊಂದಿಸಿಕೊಡಲು ವೈದ್ಯರಿಗೆ ಬರುತ್ತದೆ. ತಿಂಗಳು ಬರುವ ಮೊದಲೇ ಹೋಗಿ ಕೇಳಬೇಕು, ಅಷ್ಟೆ. ಲೀಥಿಯಂ ತೆಗೆದುಕೊಳ್ಳುವವರು ಮಾತ್ರ ನೀರಿಲ್ಲದೆ ಇದ್ದರೆ ಮದ್ದು ರಕ್ತದಲ್ಲಿ ಏರಿ ವಿಷವಾಗಬಹುದು. ಅವರು ಕೇಳದೆ ರೋಜಾ ಹಿಡಿಯಲೇಬಾರದು. ರೋಗಿಗೆ ವಿನಾಯಿತಿ ಇದೆಯೆಂಬುದು ಎಲ್ಲರಿಗೂ ತಿಳಿದದ್ದೇ.

ಮನೋರೋಗದ ಮದ್ದಿನ ಉಳಿದ ಅಡ್ಡ ಪರಿಣಾಮಗಳನ್ನೂ ಸ್ವಲ್ಪ ಹೇಳಬೇಕು. ಕ್ಲೋರ್‌ಪ್ರೊಮಜಿನ್ ತೆಗೆದುಕೊಂಡು ಹಾಸಿಗೆಯಿಂದ ಥಟ್ಟನೆದ್ದರೆ ಬಿ.ಪಿ. ಕುಸಿದು ತಲೆ ತಿರುಗುತ್ತದೆ. ಅದಕ್ಕೇ ನರ್ಸ್ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ನೋಡುವುದು. ಅದರ ಜೊತೆ ಬೀಟಾ ಬ್ಲಾಕರ್ ಸೇರಿದರೆ ಇನ್ನೂ ಎಚ್ಚರ ಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಕಟ್ಟಡದ ಕೆಲಸಕ್ಕೆ ಹೋಗುವವರು ತಲೆಗೆ ಬಟ್ಟೆ ಕಟ್ಟಬೇಕು. ಪ್ರೆಸ್ ಮೆಷಿನ್ ನಡೆಸುವವರಿಗೆ ತೂಕಡಿಕೆ ಬಂದರೆ ಬೆರಳೇ ಹೋದೀತು. ರಾತ್ರಿ ಪಾಳಿ ಇದೆ ಎಂಬುದನ್ನು ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಹೊತ್ತು ಬದಲಿಸಿಕೊಡುತ್ತಾರೆ. ಹೊಸ ತಲೆಮಾರಿನ ಓಲಾಂಜಪಿನ್‌ನಂಥವು ಸ್ನಾಯುಗಳನ್ನು ಅಷ್ಟಾಗಿ ಬಿಗಿಯುವುದಿಲ್ಲ, ಆದರೆ ಹಸಿವು, ತೂಕ, ಸಕ್ಕರೆ ಏರಿಸುತ್ತವೆ. ಸೊಂಟದ ಅಳತೆ, ರಕ್ತದ ಸಕ್ಕರೆ ಆಗಾಗ ನೋಡಿಸಬೇಕು. ಕ್ಲೋಜಪಿನ್ 1975ರಲ್ಲಿ ಫಿನ್‌ಲೆಂಡಿನಲ್ಲಿ ಬಿಳಿ ರಕ್ತಕಣಗಳನ್ನು ಕುಸಿಯುವಂತೆ ಮಾಡಿ 8 ಜನರ ಸಾವಿಗೆ ಕಾರಣವಾಯಿತು. ಆದರೂ ಬೇರೆ ಯಾವ ಮದ್ದಿಗೂ ಬಗ್ಗದ ರೋಗ ಅದಕ್ಕೆ ಬಗ್ಗುತ್ತದೆಂದು 1988ರಲ್ಲಿ ಸಿದ್ಧವಾದ ಮೇಲೆ, ನಿಯಮಿತ ರಕ್ತಪರೀಕ್ಷೆಯ ಷರತ್ತಿನೊಂದಿಗೆ ಮರಳಿತು. ಅದನ್ನು ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಸುಮ್ಮನೆ ಕ್ರೋಸಿನ್ ನುಂಗಿಸಿ ಮಲಗಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಇನ್ನು, ಯಾವುದೇ ಮನೋರೋಗದ ಮದ್ದಿನಲ್ಲಿರುವವರಿಗೆ ಜೋರು ಜ್ವರದ ಜೊತೆ ಮೈ ಕಟ್ಟಿಗೆಯಂತೆ ಸೆಟೆದು, ಬೆವರು ಸುರಿದು, ಬುದ್ಧಿ ಮಂಕಾದರೆ ಅದು ತುರ್ತು. ಬೆಳಗಾಗಲಿ ಎಂದು ಕಾಯಬಾರದು.

ಇಷ್ಟೆಲ್ಲವನ್ನು ಮೊದಲು ಕಾಣುವ ಕಣ್ಣು ವೈದ್ಯರದಲ್ಲ. ಅವರು ಐದು ನಿಮಿಷ ನೋಡುತ್ತಾರೆ. ದಿನವಿಡೀ ನೋಡುವವರು ನರ್ಸ್, ಮನೆಯಲ್ಲಾದರೆ ಹೆಂಡತಿ ಅಥವಾ ತಾಯಿ. ಬೆಂಗಳೂರಿನ ಸಂಸ್ಥೆ ಇದನ್ನು ಬೇಗ ಅರಿತಿತ್ತು. 1950ರ ದಶಕದಲ್ಲಿಯೇ ಅಲ್ಲಿ ವೈದ್ಯರ ಜೊತೆಗೆ ನರ್ಸುಗಳಿಗೂ ಮನೋವೈದ್ಯ ಶುಶ್ರೂಷೆಯ ಡಿಪ್ಲೊಮಾ ಶುರುವಾಯಿತು. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸಿನವರು ಬನ್ನೇರುಘಟ್ಟದಾಚೆಯ ಸಕಲವಾರ ಎಂಬ ಹಳ್ಳಿಯಲ್ಲಿ ಸಮುದಾಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತೆಯರಿಗೆ ಕೆಲವೇ ಮದ್ದುಗಳ ಬಳಕೆ, ಅವುಗಳ ಅಡ್ಡ ಪರಿಣಾಮಗಳ ಗುರುತು ಕಲಿಸಿದರು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ, ಆ ಬಳಿಕ ಬಳ್ಳಾರಿಯಲ್ಲಿ ನಡೆದ ಜಿಲ್ಲಾ ಮಟ್ಟದ ಪ್ರಯೋಗಕ್ಕೂ ಈ ಅನುಭವವೇ ಬುನಾದಿ. ಕನ್ನಡದಲ್ಲಿ ಈ ವಿಷಯವನ್ನು ಜನರ ಬಳಿಗೆ ಒಯ್ದ ಡಾ. ಸಿ.ಆರ್. ಚಂದ್ರಶೇಖರ್ ಅವರೂ ನಿಮ್ಹಾನ್ಸಿನ ಸಮುದಾಯ ವಿಭಾಗದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಕಲವಾರದಲ್ಲಿ ಕೆಲಸ ಶುರುವಾದ ಹೊತ್ತಿನಲ್ಲಿಯೇ, 1978ರಲ್ಲಿ, ಅಲ್ಲಿಂದ ಹೆಚ್ಚು ದೂರವಲ್ಲದ ಹೊಲಗಳಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಎಲೆಕ್ಟ್ರಾನಿಕ್ ಸಿಟಿಯನ್ನು ಗುರುತು ಹಾಕುತ್ತಿದ್ದರು ಎಂಬುದು ಒಂದು ಸ್ವಾರಸ್ಯ. ಎರಡೂ ಮತ್ತೆ ಸೇರಿದ್ದು 2022ರ ಅಕ್ಟೋಬರ್ 10ರಂದು. ಅಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಮುಖ್ಯ ಕೇಂದ್ರ ನಿಮ್ಹಾನ್ಸ್, ಅದರ ತಂತ್ರಜ್ಞಾನದ ನೆರವು ಎಲೆಕ್ಟ್ರಾನಿಕ್ ಸಿಟಿಯ ಐ.ಐ.ಐ.ಟಿ.ಯದು.

ಸರ್ಪಗಂಧಿ ಏನಾಯಿತು? ರಿಸರ್ಪಿನ್ ಕೆಲವರನ್ನು ಆಳವಾದ ಖಿನ್ನತೆಗೆ ತಳ್ಳುತ್ತದೆಂಬ ವರದಿಗಳು 1950ರ ದಶಕದಲ್ಲೇ ಬಂದವು. ಒಳ್ಳೆಯ ಮದ್ದುಗಳು ಬಂದಂತೆ ಅದು ಹಿಂದೆ ಸರಿಯಿತು. ಕಾಡಿನ ಗಿಡ ಕಿತ್ತು ಕಿತ್ತು ವಿರಳವಾಗಿದೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಸೈಟಿಸ್ ಒಪ್ಪಂದದ ನಿರ್ಬಂಧವಿದೆ. ಪೀಣ್ಯಕ್ಕೆ ದೂರವಲ್ಲದ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಂಥ ಕಡೆ ಓದುವವರ ಪುಸ್ತಕದಲ್ಲಿ ಅಸ್ರೋಲ್ ಇನ್ನೂ ಇದೆ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು: ‘ಗಿಡಮೂಲಿಕೆ ತಾನೆ, ಏನೂ ಆಗಲ್ಲ’ ಎಂದು ಆಸ್ಪತ್ರೆಯ ಮಾತ್ರೆಯ ಜೊತೆ ಅಂಗಡಿಯ ಬೇರಿನ ಪುಡಿಯನ್ನೂ ನುಂಗಿದರೆ, ಬಿ.ಪಿ.ಯೂ ನಾಡಿಯೂ ಒಟ್ಟಿಗೆ ಕುಸಿಯಬಹುದು. ಹಕೀಮರ ಬಳಿ ಹೋಗುವವರು ಆಸ್ಪತ್ರೆಯ ಚೀಟಿಯನ್ನೂ ಕೊಂಡೊಯ್ಯಲಿ.

ಬೇರು ಹಿಂದೆ ಸರಿದರೂ ಅದು ತೋರಿಸಿದ ದಾರಿ ಮುಚ್ಚಲಿಲ್ಲ. ಮನೋರೋಗದ ಮದ್ದನ್ನು ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ, ನಾಲಿಗೆ, ದವಡೆ ತಮ್ಮಷ್ಟಕ್ಕೆ ಚಲಿಸುತ್ತಿರುತ್ತವೆ, ಏನನ್ನೋ ಸದಾ ಅಗಿಯುತ್ತಿರುವಂತೆ. ಟಾರ್ಡಿವ್ ಡಿಸ್ಕಿನೀಸಿಯಾ ಎಂಬ ಇದಕ್ಕೆ ಬಹುಕಾಲ ಮದ್ದೇ ಇರಲಿಲ್ಲ. 2017ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಎರಡು ಮಾತ್ರೆಗಳು ಒಪ್ಪಿಗೆ ಪಡೆದವು. ನಮ್ಮಲ್ಲಿ ವೈದ್ಯರು ಅದೇ ಗುಂಪಿನ ಹಳೆಯ ಟೆಟ್ರಾಬೆನಜಿನ್ ಬರೆಯುತ್ತಾರೆ. ನರಕೋಶದೊಳಗೆ ಡೋಪಮಿನ್ ತುಂಬಿಡುವ ಸಣ್ಣ ಚೀಲಗಳ ಬಾಯಿಯನ್ನು ಇವು ತಡೆಯುತ್ತವೆ. ರಿಸರ್ಪಿನ್ ತಡೆಯುತ್ತಿದ್ದುದೂ ಅದನ್ನೇ.

ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಮಾತ್ರೆಯ ವಿಷಯಕ್ಕೆ ಕರೆ ಮಾಡುವಾಗ ಖಾಲಿ ಸ್ಟ್ರಿಪ್ ಆದರೂ ಸರಿ, ಕೈಯಲ್ಲಿಟ್ಟುಕೊಳ್ಳಿ. ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕ ಹೆಸರನ್ನೂ, ಎಷ್ಟು ಮಿಲಿಗ್ರಾಂ ಎಂಬುದನ್ನೂ, ಯಾವ ದಿನದಿಂದ ಶುರುವಾಯಿತು ಎಂಬುದನ್ನೂ ಓದಿ ಹೇಳಿ. ಕಣ್ಣು ಮಂಜಾದವರಿದ್ದರೆ ಮನೆಯಲ್ಲಿ ಓದುವ ಮಗುವಿನ ಕೈಗೆ ಕೊಡಿ.